ಖೂನಿ ಪಿಕ್ಚರಿಗೊಬ್ಬ ಸಾರಥಿ

ವಾರಕ್ಕೆ ಮುನ್ನೂರರಂತೆ ಐದು ವಾರಕ್ಕೆ ಒಂದೂವರೆ ಸಾವಿರ ರೂಪಾಯಿ ಒಪ್ಪಿಕೊಂಡು ನಾನು ಆ ಪಿಕ್ಚರು ತಂದೆ. ಒಳ್ಳೆಯ ಪುರಾಣದ ಪಿಕ್ಚರು ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತಿದ್ದ ಕಾಲ ಅದು. ಅಷ್ಟು ಯಾಕೆ ಕೊಟ್ಟೆ ಎಂದರೆ, ಕತೆಯೆಲ್ಲ ಓಡುವ ರೈಲಿನೊಳಗೇ ನಡೆಯುತ್ತಿತ್ತು. ಅಲ್ಲೊಂದು ಖೂನಿ ಆಗುತ್ತಿತ್ತು. ಮಾಡಿದವನು ಯಾರೆಂದು ಕೊನೆಯ ರೀಲಿನವರೆಗೆ ತಿಳಿಯುತ್ತಿರಲಿಲ್ಲ. ರೋಣಕ್ಕಾಗಲಿ, ನರಗುಂದಕ್ಕಾಗಲಿ, ಗಜೇಂದ್ರಗಡಕ್ಕಾಗಲಿ ರೈಲು ಇಲ್ಲ. ರೈಲಿಲ್ಲದ ಊರಿಗೆ ರೈಲನ್ನೇ ತಂದು ತೋರಿಸಿದರೆ ಜನ ಬಂದೇ ಬರುತ್ತಾರೆ ಎಂದು ನನ್ನ ಲೆಕ್ಕ.

ಇನ್ನೊಂದು ಖರ್ಚೂ ಆಯಿತು. ಅದನ್ನು ಕೊನೆಯ ರೀಲಿಗೆ ಇಟ್ಟುಕೊಳ್ಳುವುದಿಲ್ಲ, ಈಗಲೇ ಹೇಳುತ್ತೇನೆ. ನನ್ನ ಮಾವ ಸಂಗಪ್ಪನವರು, ತಾಯಿಯ ತಮ್ಮ, ನನಗೆ ಹೆಣ್ಣು ಕೊಟ್ಟವರೂ ಅವರೇ, ರೋಣದಲ್ಲಿದ್ದ ನನ್ನ ಸಿನೆಮಾ ಟೆಂಟಿನಲ್ಲಿ ಪರದೆಯ ಪಕ್ಕ ಕೂತು ಹಿಂದಿ ಪಿಕ್ಚರಿನ ಕತೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಆ ಚಳಿಗಾಲದಲ್ಲಿ ಅವರ ಗಂಟಲಲ್ಲಿ ದನಿ ಉಳಿದಿದ್ದದ್ದು ಒಂದು ತಿಂಗಳಿಗಷ್ಟೇ. ಅದು ಅವರಿಗೆ ಗೊತ್ತಿತ್ತು, ಅವರ ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆ ತಿಂಗಳನ್ನು ನಾನು ಅವರ ಬಾಯಿ ಮುಚ್ಚಿಸಿ, ಗೇಟಿನಲ್ಲಿ ಟಿಕೀಟು ಹರಿಯಲು ಕೂರಿಸಿ ಕಳೆದೆ.

ಇದೆಲ್ಲ ಮರೆತಂತೆಯೇ ಇತ್ತು. ಹೋದ ಮಾಗಿಯಲ್ಲಿ ಕಡಲೆ ಖರೀದಿಗೆ ರೋಣಕ್ಕೆ ಹೋದಾಗ ಬಜಾರಿನ ಒಂದು ಕಿರಾಣಿ ಅಂಗಡಿಯಲ್ಲಿ ಇಂಗಿನ ಬೆಲೆಗೆ ಜಗ್ಗಾಡುತ್ತ ನಿಂತಿದ್ದೆ. ಅಂಗಡಿಯವನು ಇನ್ನೊಬ್ಬ ಗಿರಾಕಿಗಾಗಿ ಹಿಂದಿನ ಡಬ್ಬಿಯ ಮುಚ್ಚಳ ತೆಗೆದ. ಜೇಷ್ಠಮಧುವಿನ ವಾಸನೆ ಬಂತು. ನಾನು ಮಾತು ನಿಲ್ಲಿಸಿ, ಅವನು ಹೇಳಿದ ಬೆಲೆಯನ್ನೇ ಕೊಟ್ಟು ಹೊರಗೆ ಬಂದೆ. ಹೇಳಿದ ಬೆಲೆ ಕೊಟ್ಟದ್ದು ನನಗೆ ಬೇರೆ ಯಾವಾಗಲೂ ನೆನಪಿಲ್ಲ.

ನಾನು ಪುರ್ತಗೇರಿಯವನು. ಹೊಲವಿಲ್ಲದ ಮನೆ. ಪರರ ಟೆಂಟಿನ ಮುಂದೆ ಶೇಂಗಾ ಮಾರಿ, ಆಮೇಲೆ ಅದೇ ಟೆಂಟಿನ ಗೇಟು ಗುತ್ತಿಗೆ ಹಿಡಿದು, ಆಮೇಲೆ ಟೆಂಟನ್ನೇ ಕೊಂಡವನು. ಕೊಳ್ಳುವಾಗ ಕಡಿಮೆ ಬಿದ್ದದ್ದನ್ನು ಮಾವ ಒಂದು ಎತ್ತು ಮಾರಿ ತುಂಬಿದರು. ಅವರು ದೊಡ್ಡಾಟದ ಮನುಷ್ಯ. ದೊಡ್ಡಾಟದಲ್ಲಿ ಸಾರಥಿ ಎಂದು ಒಬ್ಬನಿರುತ್ತಾನೆ. ಯಾವ ವೇಷ ರಂಗಕ್ಕೆ ಬಂದರೂ ಅದನ್ನು ತಡೆದು ನಿಲ್ಲಿಸಿ, ನೀನು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷ ತನ್ನ ಹೆಸರು ಹೇಳಿ, ಬಂದ ಕಾರಣ ಹೇಳಿಯೇ ಕುಣಿಯಬೇಕು. ರಾಕ್ಷಸನಾದರೂ ಅಷ್ಟೇ. ಮೂವತ್ತು ವರ್ಷ ಹಾಗೆ ಕೇಳಿದವರು ನನ್ನ ಟೆಂಟಿಗೆ ಬಂದಾಗ ಪರದೆಯ ಮೇಲಿನವರನ್ನೂ ಹಾಗೆಯೇ ಕೇಳಿದರು. ಕೈಯಲ್ಲಿ ಒಂದು ಬೆತ್ತ. ಯಾರಾದರೂ ಹೊಸಬರು ಪರದೆಗೆ ಬಂದ ಕೂಡಲೇ ಬೆತ್ತ ಕುಟ್ಟಿ ಪ್ರಶ್ನೆ ಕೇಳುವುದು, ದನಿ ಬದಲಿಸಿ ಉತ್ತರವನ್ನೂ ತಾವೇ ಕೊಡುವುದು. ಊರವರಿಗೆ ಹಿಂದಿ ತಿಳಿಯದಿದ್ದರೂ ಮನುಷ್ಯರು ತಿಳಿಯುತ್ತಿದ್ದರು.

ಅದು ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾಗಿ. ಹಿಂಗಾರಿ ಜೋಳ ತೆನೆಗೆ ಬಂದಿತ್ತು, ಹತ್ತಿ ಬಿಡಿಸುವ ಕೆಲಸ ನಡೆದಿತ್ತು. ಮೂಡಣದ ಗಾಳಿ ಎರೆಹೊಲದ ಮೇಲಿಂದ ಬಂದು ಟೆಂಟಿನ ಬಟ್ಟೆಯನ್ನು ಉಬ್ಬಿಸಿ ಇಳಿಸುತ್ತಿತ್ತು. ಹತ್ತಿ ಬಿಡಿಸುವವರ ಕೈಯಲ್ಲಿ ದಿನದ ಕೂಲಿ ಓಡಾಡುವ ಹೊತ್ತು. ಟೆಂಟಿನವನಿಗೆ ಬೆಳೆ ಬರುವುದೂ ಆಗಲೇ.

ಪಿಕ್ಚರು ತರಲು ಹುಬ್ಬಳ್ಳಿಗೆ ನಾನೂ ಮಾವನೂ ಹೋದೆವು. ಬಾಡಿಗೆಗೆ ಕೊಡುವ ಶೇಠಜಿ ಮುನ್ನೂರೈವತ್ತರಿಂದ ಶುರು ಮಾಡಿದ.

"ಇದು ಬಜನಿ ಪಿಕ್ಚರ ಅಲ್ಲಪಾ, ಖೂನಿ ಪಿಕ್ಚರ. ಜೀವಾ ಬಾಯಿಗೆ ಬರ್ತೈತಿ."

"ಬಜನಿ ಪಿಕ್ಚರ ಐದ ಸಲ ನೋಡ್ತಾರ್ರಿ ನಮ್ಮ ಮಂದಿ. ಖೂನಿ ಯಾರಂತ ಗೊತ್ತಾದ ಮ್ಯಾಲೆ ಇದನ್ನ ಎರಡನೇ ಸಲ ಯಾರ ನೋಡ್ತಾರ?"

"ಅದಕ್ಕ ಗೊತ್ತಾಗಬಾರದು. ಗುಟ್ಟು ಹೊರಗ ಬಿದ್ದರ ನಿನ್ನ ರೊಕ್ಕ ನೀರಾಗ."

ಮುನ್ನೂರಕ್ಕೆ ಇಳಿಸಿದೆ. ಜೊತೆಗೆ ಮೂರೂ ಊರಿಗೆ ನಾನೊಬ್ಬನೇ ಹಕ್ಕುದಾರ ಎಂದು ಬರೆಸಿಕೊಂಡೆ. ಮೂರು ವಾರ ರೋಣದಲ್ಲಿ ನಾನು ಓಡಿಸುವುದು, ಆಮೇಲೆ ಒಂದು ವಾರ ಗಜೇಂದ್ರಗಡದ ಟೆಂಟಿಗೆ, ಒಂದು ವಾರ ನರಗುಂದದ ಟೆಂಟಿಗೆ ಹೆಚ್ಚಿನ ದರಕ್ಕೆ ಕೊಟ್ಟು, ನಾನು ಹಾಕಿದ್ದನ್ನು ಅಲ್ಲೇ ಎತ್ತುವುದು. ಎಲ್ಲವೂ ಗುಟ್ಟಿನ ಮೇಲೆ ನಿಂತಿತ್ತು.

ಬರುವಾಗ ರೈಲಿನಲ್ಲಿ ಮಾವ ಡಬ್ಬಿಯಲ್ಲಿದ್ದ ಎಲ್ಲರನ್ನೂ ಮಾತಾಡಿಸಿದರು. ಯಾವೂರ್ರಿ, ಯಾವ ಕಡೆ ಹೊಂಟೀರಿ, ಏನ ಕೆಲಸ. ಅಣ್ಣಿಗೇರಿ ದಾಟುವಷ್ಟರಲ್ಲಿ ಯಾರ ಮಗಳಿಗೆ ಬಾಣಂತನ, ಯಾರಿಗೆ ಕೋರ್ಟಿನ ತಾರೀಖು, ಎಲ್ಲ ಗೊತ್ತಾಗಿತ್ತು. ಗದಗಿನಲ್ಲಿ ಇಳಿದು ರೋಣದ ಬಸ್ಸಿಗೆ ಇನ್ನೂ ಹೊತ್ತಿತ್ತು. "ನೀ ಪೆಟ್ಟಿಗಿ ನೋಡಕೋತ ಕೂಡು, ನಾ ಇಲ್ಲೇ ಒಂಚೂರ ಹೋಗಿ ಬರ್ತೀನಿ" ಎಂದು ಮಾವ ಹೋದರು. ದವಾಖಾನಿಗೆ ಹೋಗಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಎರಡು ತಿಂಗಳಿಂದ ದನಿ ಒಡೆಯುತ್ತಿತ್ತು, ನಾನು ಅದನ್ನು ನಶ್ಯದ ಕಾಟ ಎಂದುಕೊಂಡಿದ್ದೆ. ಬಸ್ಸು ಹೊರಡುವ ಹೊತ್ತಿಗೆ ಬಂದರು. ಕೈಯಲ್ಲಿ ಜೇಷ್ಠಮಧುವಿನ ಪುಡಿಕೆ ಇತ್ತು.

"ಎಲ್ಲಿ ಹೋಗಿದ್ರಿ?"

"ಎಲ್ಲೂ ಇಲ್ಲ. ಇದನ್ನ ತಗೊಂಡೆ. ಹೊಸ ಪಿಕ್ಚರ ಹೇಳಬೇಕಲ್ಲ."

ದಾರಿಯುದ್ದಕ್ಕೂ ಒಂದು ತುಂಡು ಬಾಯಲ್ಲಿಟ್ಟುಕೊಂಡು ಹೊರಗೆ ನೋಡುತ್ತ ಬಂದರು. ಬಸ್ಸಿನಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದೆ.

ಮರುದಿನ ಸಂಜೆ ನಾವಷ್ಟೇ ಕೂತು ಪಿಕ್ಚರು ಹಾಕಿ ನೋಡಿದೆವು. ಒಬ್ಬ ಸಾಹುಕಾರ, ಅವನ ತಂಗಿಯ ಮಗಳು, ಒಬ್ಬ ಟಿಕೀಟು ತಪಾಸಣೆಯವನು, ಬಿಳಿ ಅಂಗಿಯ ಒಬ್ಬ ಡಾಕ್ಟರು. ರೈಲು ಸುರಂಗಕ್ಕೆ ಹೋಗಿ ಹೊರಗೆ ಬರುವಷ್ಟರಲ್ಲಿ ಸಾಹುಕಾರ ಸತ್ತಿರುತ್ತಾನೆ. ಡಾಕ್ಟರೇ ನಾಡಿ ನೋಡುತ್ತಾನೆ, ಡಾಕ್ಟರೇ ಹುಡುಗಿಗೆ ಧೈರ್ಯ ಹೇಳುತ್ತಾನೆ, ರಾತ್ರಿಗೊಂದು ಔಷಧ ಕೊಡುತ್ತಾನೆ. ಖೂನಿ ಮಾಡಿದವನೂ ಅವನೇ.

"ಮಾವಾರ, ಈ ಡಾಕ್ಟರನ ಬಗ್ಗೆ ಕಡೀಕ ತನಕ ಏನೂ ಹೇಳಬ್ಯಾಡ್ರಿ" ಎಂದೆ.

"ಹೆಸರರ ಹೇಳಲೋ, ಅದೂ ಬ್ಯಾಡೋ?"

"ಡಾಕ್ಟರ ಅಂತ ಹೇಳ್ರಿ. ಬಂದ ಕಾರಣ ಬ್ಯಾಡ."

"ವೇಷ ಬಂದ ನಿಂತೈತಿ, ಕಾರಣ ಹೇಳದ ಹ್ಯಾಂಗ ಒಳಗ ಬಿಡೂದು ಈರಪ್ಪ? ಕೂತ ಮಂದಿಗೆ ಅವಮಾನ ಮಾಡಿದಂಗ ಆಕ್ಕೈತಿ."

"ಇದು ದೊಡ್ಡಾಟ ಅಲ್ಲರಿ."

"ಅಲ್ಲ ಖರೇ" ಎಂದರು. ಒಪ್ಪಿದರೆಂದುಕೊಂಡೆ.

ಮೊದಲ ದಿನ ಸಂಜೆ ಏಳರ ಆಟಕ್ಕೆ ಟೆಂಟು ತುಂಬಿತು. ಪುರ್ತಗೇರಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಗಜೇಂದ್ರಗಡದ ಟೆಂಟಿನ ಫಕೀರಪ್ಪನೂ ಬಂದು ಕುರ್ಚಿಯಲ್ಲಿ ಕೂತಿದ್ದ, ಪಿಕ್ಚರು ನೋಡಿ ದರ ಕುದುರಿಸಲು. ರೈಲು ಪರದೆಯ ಮೇಲೆ ಬಂದಾಗ ಯಾರೂ ಹೆದರಲಿಲ್ಲ. ಡಬ್ಬಿ ಎಣಿಸಿದರು. ಹನ್ನೊಂದೋ ಹನ್ನೆರಡೋ ಎಂದು ನೆಲದಲ್ಲಿ ಕೂತವರೊಳಗೆ ಸ್ವಲ್ಪ ಜಗಳವೂ ಆಯಿತು. ಮಾವ ಸಾಹುಕಾರನನ್ನು ಕೇಳಿದರು, ಹುಡುಗಿಯನ್ನು ಕೇಳಿದರು, ಟಿಕೀಟಿನವನನ್ನು ಕೇಳಿದರು. ಆಮೇಲೆ ಡಾಕ್ಟರು ಬಂದ. ಮಾವ ಸುಮ್ಮನಿದ್ದರು.

"ಸಾರಥಿ, ಇಂವ ಯಾರ?" ನೆಲದಿಂದ ಒಬ್ಬ ಕೂಗಿದ.

"ಡಾಕ್ಟರ" ಎಂದರು ಮಾವ.

"ಅದು ಅಂಗಿ ನೋಡಿದ್ರ ತಿಳೀತೈತಿ. ಬಂದ ಕಾರಣ ಏನ?"

ಮಾವ ಮಶೀನಿನ ಪಕ್ಕ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದರು. ಆ ಬೆಳಕಿನಲ್ಲಿ ನಾನು ಅವರಿಗೆ ಕಾಣಿಸಿರಲಿಕ್ಕಿಲ್ಲ. ಎದ್ದು ನಿಂತು ಬೆತ್ತ ಕುಟ್ಟಿದರು.

"ಅಯ್ಯಾ ಬಿಳಿ ಅಂಗಿಯವನ, ನೀ ಯಾರು? ಯಾವೂರವ? ಬಂದ ಕಾರಣವೇನು?" ದನಿ ಬದಲಿಸಿದರು. "ಊರು ಬಂಬೈ. ಹೆಸರು ಡಾಕ್ಟರ. ಬಂದ ಕಾರಣ, ಈ ಸಾಹುಕಾರನ ಜೀವಾ ತಗೊಳ್ಳಾಕ."

ಮಾತಿನ ನಡುವೆ ದನಿ ಎರಡು ಕಡೆ ಬಿರಿಯಿತು. ಜನ ಅದನ್ನು ವೇಷದ ದನಿ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಅಲ್ಲಿಂದ ಮುಂದೆ ಟೆಂಟಿನಲ್ಲಿ ಏನಾಯಿತು ಎನ್ನುವುದನ್ನು ನಾನು ಕಿವಿಯಿಂದ ಕೇಳಿದೆ, ತಲೆಗೆ ತೆಗೆದುಕೊಳ್ಳಲಿಲ್ಲ. ಸಾಹುಕಾರ ಮಲಗಲು ಹೊದಿಕೆ ಎಳೆದುಕೊಂಡರೆ, "ಏಳೋ ಮಾರಾಯಾ, ಮಲಗಬ್ಯಾಡ" ಎಂದು ಬೆಂಚಿನವರು ಕೂಗಿದರು. ಡಾಕ್ಟರು ಹುಡುಗಿಯ ಕೈಗೆ ಔಷಧದ ಲೋಟ ಕೊಟ್ಟಾಗ ಹೆಂಗಸರ ಕಡೆಯಿಂದ, "ಏ ತಂಗಿ, ಚೆಲ್ಲ ಅದನ್ನ", "ಕುಡಿತಾಳ ನೋಡಬೇ ಹುಚ್ಚಿ", ಎಂದು ಗದ್ದಲ. ಒಬ್ಬಾಕೆ ಅಳುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಫಕೀರಪ್ಪನ ಬೆನ್ನು ಮಾತ್ರ. ಅವನು ಆಟ ಮುಗಿಯುವ ಮೊದಲೇ ಎದ್ದು ಹೊರಗೆ ಬಂದ.

"ಈರಪ್ಪ, ನಾಳೆ ಹೊತ್ತೇರೂದ್ರಾಗ ಗಜೇಂದ್ರಗಡದಾಗ ಕೂಸಿಗೂ ಗೊತ್ತಿರ್ತೈತಿ, ಡಾಕ್ಟರ ಖೂನಿ ಮಾಡಿದಾಂವ ಅಂತ. ನಾ ಏನ ತೋರಸಲಿ, ಖಾಲಿ ರೈಲ?"

ಮರುದಿನ ಬೆಳಿಗ್ಗೆ ಊಟಕ್ಕೆ ಕೂತಾಗ ಹೇಳಿದೆ. ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಾವನ ಗಂಗಾಳದಲ್ಲಿ ರೊಟ್ಟಿ ಇರಲಿಲ್ಲ, ನುಚ್ಚಿಗೆ ಮಜ್ಜಿಗೆ ಕಲಸಿಕೊಂಡಿದ್ದರು. ಒಂದು ವಾರದಿಂದ ಹಾಗೇ. ನಾನು ನೋಡಿದ್ದೆ, ಹಲ್ಲಿನ ತೊಂದರೆ ಎಂದುಕೊಂಡಿದ್ದೆ.

"ಮಾವಾರ, ಇವತ್ತಿಂದ ನೀವು ಪರದೆ ಕಡೆ ಕೂಡೂದು ಬ್ಯಾಡ್ರಿ."

ಅವರು ತುತ್ತು ನುಂಗಲು ಹೊತ್ತು ತೆಗೆದುಕೊಂಡರು. "ಈ ಪಿಕ್ಚರಿಗಷ್ಟ?"

"ಇದಕ್ಕಷ್ಟ. ಮುಂದ ಪುರಾಣದ್ದು ತರ್ತೀನಿ, ಅದಕ್ಕ ನೀವ."

"ಎಷ್ಟ ದಿನ ಆಕ್ಕೈತಿ?"

"ಇಲ್ಲಿ ಮೂರ ವಾರ. ಆಮ್ಯಾಲೆ ಎರಡೂ ಊರಿಗೆ ಹೋಗಿ ಬರೂ ಮಟ."

ಮಾವ ಎಡಗೈಯ ಬೆರಳು ಮಡಚಿದರು, ಬಿಡಿಸಿದರು. ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಪ್ಪಾ, ಹೇಳಿಬಿಡು" ಎಂದಳು.

"ಏನ ಹೇಳೂದೈತಿ? ಅವಂಗ ರೊಟ್ಟಿ ಹಾಕು" ಎಂದರು. ನನ್ನ ಕಡೆ ತಿರುಗಿ, "ಗೇಟಿನಾಗ ಕೂಡ್ತೀನಿ, ಆತಿಲ್ಲ? ಮನ್ಯಾಗ ಕೂತು ಏನ ಮಾಡಲಿ" ಎಂದರು.

ಎದುರಿನವನ ಕಣ್ಣು ನೋಡಿ ಅವನು ಎಷ್ಟಕ್ಕೆ ಇಳಿಯುತ್ತಾನೆ ಎಂದು ಹೇಳುವವನು ನಾನು. ಹತ್ತಿಯ ಅಂಡಿಗೆಗೆ ಕೈ ಹಾಕಿ ಒಳಗೆ ಎಷ್ಟು ತೇವ ಇದೆ ಎನ್ನುವವನು. ಆ ಬೆಳಿಗ್ಗೆ ರೊಟ್ಟಿ ತಿಂದು ಎದ್ದೆ.

ಮಾವನ ಜಾಗಕ್ಕೆ ಹಿಂದಿ ಬಲ್ಲ ಒಬ್ಬ ಸಾಲಿ ಮಾಸ್ತರರನ್ನು ನಿಲ್ಲಿಸಿದೆ. ಅವರು ಕೈ ಕಟ್ಟಿಕೊಂಡು, "ಈಗ ಡಾಕ್ಟರರು ಹುಡುಗಿಗೆ ಔಷಧ ಕೊಡುತ್ತಿದ್ದಾರೆ" ಎಂದು ಶುದ್ಧವಾಗಿ ಹೇಳುತ್ತಿದ್ದರು. ಎರಡನೆಯ ಸಂಜೆ ಜನ ಮೊದಲ ದಿನಕ್ಕಿಂತ ಹೆಚ್ಚು ಬಂದರು. ಹಿಂದಿನ ದಿನ ಬಂದವರೂ ಮತ್ತೆ ಬಂದಿದ್ದರು. ಅರ್ಧ ಗಂಟೆಗೆ ಗೇಲಿ ಶುರುವಾಯಿತು. "ಮಾಸ್ತರ, ಹಾಜರಿ ತಗೊಳ್ರಿ, ಅರ್ಧ ಮಂದಿ ಮಲಗ್ಯಾರ." "ಸಾರಥಿನ ಗೇಟಿಗೆ ಕಟ್ಟಿ ರೈಲ ಬಿಟ್ಟಾನ ಈರಪ್ಪ, ಅದು ಎಲ್ಲಿ ಹೊಂಟೈತೋ ಅದಕ್ಕೂ ಗೊತ್ತಿಲ್ಲ." ಮೂರನೆಯ ದಿನ ಹತ್ತಿ ಬಿಡಿಸುವ ಒಬ್ಬ ಹೆಂಗಸು ಹೊರಗೆ ಹೋಗುವಾಗ ನನ್ನ ಮುಂದೆ ನಿಂತಳು.

"ಅಣ್ಣಾ, ಮೊದಲ ದಿನ ನಮ್ಮ ಬಾಜೂದಾಕಿ ಬಂದು ಅಂಜಿ ಜ್ವರಾ ಬರಿಸಿಕೊಂಡಾಳ. ನನಗ ಯಾರಿಗೆ ಅಂಜಬೇಕ ಅಂತನ ತಿಳೀಲಿಲ್ಲ. ರೊಕ್ಕಾ ಕೊಟ್ಟು ಅಂಜಾಕ ಬಂದಿದ್ದೆ ನಾ."

ನಾನು ಅವಳಿಗೆ ಏನೋ ಉತ್ತರ ಹೇಳಿ ಕಳಿಸಿದೆ. ಎರಡನೆಯ ವಾರ ನೆಲ ಅರ್ಧ ಖಾಲಿ. ಮಾಸ್ತರರ ಬಾಯಲ್ಲಿ ಗುಟ್ಟು ಭದ್ರವಾಗಿತ್ತು, ಅದನ್ನು ಕೇಳಲು ಯಾರೂ ಬರುತ್ತಿರಲಿಲ್ಲ.

ಮಾವ ದಿನಾ ಸಂಜೆ ಗೇಟಿನಲ್ಲಿ ಕಂಬಳಿ ಹೊದ್ದು ಕೂತು ಟಿಕೀಟು ಹರಿದರು. ಮನೆಯಲ್ಲಿ ಮಾತು ಕಡಿಮೆ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. ಸಿಟ್ಟು ಎಂದುಕೊಂಡೆ. ಸಿಟ್ಟು ಮಾಡಿದವರ ಮುಂದೆ ಮೊದಲು ಬಾಯಿ ತೆರೆದವನೇ ಸೋಲುವುದು ಎಂದು ವ್ಯಾಪಾರದಲ್ಲಿ ಕಲಿತವನು ನಾನು. ನಾನೂ ಬಿಟ್ಟೆ. ಹತ್ತು ದಿನ ಒಂದೇ ಮನೆಯಲ್ಲಿ ಹಾಗೆ ಕಳೆಯಿತು. ನೀಲವ್ವ ಇಬ್ಬರ ಗಂಗಾಳಕ್ಕೂ ಬಡಿಸುತ್ತಿದ್ದಳು.

ಮೂರನೆಯ ವಾರ ಫಕೀರಪ್ಪ ತಾನಾಗಿ ಬಂದ. "ನಮ್ಮೂರ ಮಂದಿ ಕೇಳಾಕ ಹತ್ಯಾರೋ. ಖೂನಿ ಯಾರಂತ ಮೊದಲ ಹೇಳ್ತಾನಂತಲ್ಲ, ಆ ಸಾರಥಿ ಬರ್ತಾನೇನು ಅಂತ. ನೀ ಕೇಳಿದ ದರ ಕೊಡ್ತೀನಿ. ಸಂಗಪ್ಪ ಕಾಕಾ ಬರಬೇಕು."

ನಾನು ನೆಟ್ಟಗೆ ಗೇಟಿಗೆ ಹೋದೆ. ಹೊತ್ತು ಮುಳುಗಲು ಬಂದಿತ್ತು, ಮಾವ ಟಿಕೀಟಿನ ಚೂರುಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಮಾವಾರ, ಇವತ್ತಿಂದ ನೀವ ಹೇಳ್ರಿ. ಡಾಕ್ಟರ ಬಂದ ಕೂಡಲೇ ಹೇಳ್ರಿ. ನಂದೇನೂ ಇಲ್ಲ."

ಅವರು ತಲೆಯಾಡಿಸಿದರು. ಆಗುವುದಿಲ್ಲ ಎಂದು.

"ದಿನಕ್ಕ ಎಂಟಾಣೆ ಜಾಸ್ತಿ ಕೊಡ್ತೀನಿ."

ತಲೆಯಾಡಿಸಿದರು.

"ಒಂದ ರೂಪಾಯಿ. ಗಜೇಂದ್ರಗಡಕ್ಕ ಬಂದರ ಅದರಾಗ ಪಾಲು."

ಇಲ್ಲ.

"ನಾಕಾಣೆ ಪಾಲು. ಇನ್ನ ಏನ ಬೇಕ್ರಿ ನಿಮಗ, ನನ್ನ ಆಟ ಆಡಸಬ್ಯಾಡ್ರಿ. ಎಂಟಾಣೆ."

ಅರ್ಧ ಪಾಲಿಗೆ ಹೋಗಿದ್ದೆ. ಮಾವ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು, ಬಾಯಿ ತೆರೆದು ಏನೋ ಹೇಳಿದರು. ಸೈಕಲ್ಲಿನ ಚಕ್ರದಿಂದ ಗಾಳಿ ಬಿಟ್ಟಂತೆ ಬಂತು, ಮಾತು ಬರಲಿಲ್ಲ. ಮತ್ತೊಮ್ಮೆ ಪ್ರಯತ್ನ ಮಾಡಿದರು. ಆಮೇಲೆ ಕೈ ಬಿಟ್ಟು, ಎದುರು ನಿಂತಿದ್ದವನ ಟಿಕೀಟು ತೆಗೆದುಕೊಂಡು ಹರಿದರು.

ಮನೆಗೆ ಬಂದೆ. ನೀಲವ್ವ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣು ತೆಗೆಯದೆ ಎಲ್ಲ ಹೇಳಿದಳು. ಗಂಟಲಲ್ಲಿ ಗಡ್ಡೆ. ಒಂದು ತಿಂಗಳ ಮೇಲೆ ದನಿ ಉಳಿಯುವುದಿಲ್ಲ ಎಂದು ಗದಗಿನಲ್ಲಿ ಹೇಳಿದ್ದರು. ಪಿಕ್ಚರಿನ ಪೆಟ್ಟಿಗೆ ತಂದ ಆ ದಿನವೇ.

"ನನಗ್ಯಾಕ ಹೇಳಲಿಲ್ಲ?"

"ಆಣಿ ಹಾಕಿಸಿಕೊಂಡಿದ್ದ. ಹೇಳಿದ್ರ ನೀವು ಕನಿಕರಕ್ಕ ಅವನ್ನ ಮಾತಾಡಾಕ ಬಿಡ್ತಿದ್ರಿ ಅಂತ. ಕೂತ ಮಂದಿ ಕೇಳಬೇಕು ಅಂದ್ರ ಹೇಳಬೇಕು, ಅಳಿಯ ಅಯ್ಯೋ ಅಂದ ಅಂತ ಅಲ್ಲ, ಅಂದಿದ್ದ." ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. "ಆವತ್ತು ಊಟಕ್ಕ ಕೂತಾಗ ನಾ ಹೇಳತಿದ್ದೆ. ನೀವು ನನ್ನ ಕಡೆ ನೋಡಲಿಲ್ಲ."

ಪರದೆಯ ಮೇಲಿನ ಡಾಕ್ಟರನ ಗುಟ್ಟನ್ನು ಒಂದು ಗಂಟೆ ಇಟ್ಟುಕೊಳ್ಳಲಾರದವರು ತಮ್ಮದನ್ನು ಅಷ್ಟು ದಿನ ಇಟ್ಟುಕೊಂಡಿದ್ದರು. ನನಗೆ ಅಳು ಬರಲಿಲ್ಲ. ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಕೈಕಾಲು ಮಾಡುವ ಕೆಲಸ ಮಾಡುತ್ತಿದ್ದವು. ಕರೆಂಟಿನ ಎಂಜಿನ್ನಿಗೆ ಎಣ್ಣೆ ತರಿಸಿದೆ, ಹರಿದ ತಟ್ಟಿ ಕಟ್ಟಿಸಿದೆ, ಫಕೀರಪ್ಪನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ರೋಣದ ಕೊನೆಯ ಆಟದ ದಿನ ಮಾಸ್ತರರಿಗೆ ರಜೆ ಕೊಟ್ಟೆ. ಮಾವನ ಸ್ಟೂಲನ್ನು ನಾನೇ ಪರದೆಯ ಪಕ್ಕ ಇಟ್ಟು ಬಂದೆ. ಬೆತ್ತವನ್ನು ಅದರ ಮೇಲೆ ಇಟ್ಟೆ. ಕರೆಯಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಅವರು ಗೇಟಿನಿಂದ ಎದ್ದು, ಟಿಕೀಟಿನ ಡಬ್ಬಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಗೇಟಿನಲ್ಲಿ ಕೂತೆ. ತಟ್ಟಿಯ ಸಂದಿಯಿಂದ ಪರದೆ ಕಾಣುತ್ತಿತ್ತು.

ಸಾಹುಕಾರ ಬಂದ, ಹುಡುಗಿ ಬಂದಳು. ಮಾವ ಕೂತೇ ಇದ್ದರು. ಜನ ಪಿಸುಗುಟ್ಟಿದರು. ಡಾಕ್ಟರು ಬಂದಾಗ ಅವರು ಎದ್ದು ಬೆಳಕಿನೊಳಕ್ಕೇ ನಡೆದು ಬಂದು ಬೆತ್ತ ಎತ್ತಿದರು. ಬೆತ್ತದ ನೆರಳು ಪರದೆಯ ಮೇಲೆ ಡಾಕ್ಟರನ ಎದೆಗೆ ಮುಟ್ಟಿತು. ಅವರು ಅದನ್ನು ಅಲ್ಲೇ ಹಿಡಿದರು. ಡಾಕ್ಟರು ಆ ಕಡೆ ಈ ಕಡೆ ಸರಿದರೆ ನೆರಳೂ ಸರಿಯಿತು.

"ನೀ ಯಾರು?" ನೆಲದಿಂದ ಒಬ್ಬ ಕೂಗಿದ.

"ಯಾವೂರವ?" ಬೆಂಚಿನಿಂದ ಇನ್ನೊಬ್ಬ.

"ಬಂದ ಕಾರಣವೇನು?" ಈ ಸಲ ಹೆಂಗಸರ ಕಡೆಯಿಂದ, ಹತ್ತಾರು ದನಿ.

ಉತ್ತರವನ್ನು ಯಾರೂ ಹೇಳಲಿಲ್ಲ. ಆ ಬೆತ್ತ ನೋಡಿದ ಮೇಲೆ ಯಾರಿಗೂ ಬೇಕಾಗಲಿಲ್ಲ. ತಡವಾಗಿ ಬಂದ ಇಬ್ಬರು ನನ್ನ ಮುಂದೆ ರೊಕ್ಕ ಹಿಡಿದು ನಿಂತಿದ್ದರು. ಅವರ ಟಿಕೀಟು ಹರಿದು ಒಳಗೆ ಬಿಟ್ಟೆ.

ಗಜೇಂದ್ರಗಡಕ್ಕೂ ನರಗುಂದಕ್ಕೂ ಆ ಪಿಕ್ಚರು ಹೋಗಲಿಲ್ಲ. ಉಳಿದ ಎರಡು ವಾರದ ಬಾಡಿಗೆ ನನ್ನ ಮೇಲೇ ಬಿತ್ತು. ಮಾವ ಮುಂಗಾರಿಯ ಬಿತ್ತನೆ ನೋಡಿ ತೀರಿಹೋದರು. ಟೆಂಟನ್ನು ಮುಂದಿನ ದೀಪಾವಳಿಗೆ ಮಾರಿದೆ, ಒಳ್ಳೆಯ ಬೆಲೆಗೇ ಮಾರಿದೆ.

ಓದುವವರಿಗೆ ನಾನು ಹೇಳುವುದು ಇಷ್ಟು. ಮನೆಯಲ್ಲಿ ರೊಟ್ಟಿ ತಿನ್ನುವವರು ನುಚ್ಚು ಕೇಳಲು ಶುರು ಮಾಡಿದರೆ ಹಲ್ಲಿನದು ಎಂದು ನೀವೇ ತೀರ್ಮಾನ ಮಾಡಬೇಡಿ. ದನಿ ಹದಿನೈದು ದಿನ ಒಡೆದೇ ಇದ್ದರೆ ಕಷಾಯ, ಜೇಷ್ಠಮಧು ಎಂದು ಕಾಯಬೇಡಿ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ, ಮೊದಲು ಹೋದವರ ಪಾಳಿ ಮೊದಲು ಬರುತ್ತದೆ. ಆ ದಿನ ಬೇರೆ ಯಾವ ಕೆಲಸವನ್ನೂ ಜೊತೆಗೆ ಇಟ್ಟುಕೊಳ್ಳಬೇಡಿ, ಕಾಯಬೇಕಾದ ಪೆಟ್ಟಿಗೆಯನ್ನಂತೂ ಒಯ್ಯಲೇಬೇಡಿ. ಅವರನ್ನು ಒಳಗೆ ಕಳಿಸಿ ನೀವು ಹೊರಗೆ ಕೂರಬೇಡಿ, ಜೊತೆಗೇ ಹೋಗಿ, ಡಾಕ್ಟರರು ಹೇಳುವುದನ್ನು ನಿಮ್ಮ ಕಿವಿಯಿಂದ ಕೇಳಿ. ಒಬ್ಬರೇ ಒಳಗೆ ಹೋದವರು ಹೊರಗೆ ಬಂದು ಏನೂ ಇಲ್ಲ ಎನ್ನುತ್ತಾರೆ. ಹಾಗೆ ಅಂದರೆ, ಅವರ ಕೈಯಲ್ಲಿ ಏನಿದೆ ನೋಡಿ.